ತಿರುಗಬಲ್ಲ ಕಾರ್ಖಾನೆ, ಉಳಿಯಬಲ್ಲ ಊರು: ಹೊಳಲೂರಿನಿಂದ ಒಂದು ಪ್ರಣಾಳಿಕೆ

ಪೀಠಿಕೆ

ಹೊಳಲೂರು ಹೋಬಳಿ, ಶಿವಮೊಗ್ಗ ಮತ್ತು ಭದ್ರಾವತಿಯಲ್ಲಿ ತಯಾರಿಕೆಯ ಕೆಲಸವನ್ನೇ ನಂಬಿ ಬದುಕುತ್ತಿರುವ ನಾವು ಒಂದು ಚಳವಳಿಯನ್ನು ಆರಂಭಿಸುತ್ತಿದ್ದೇವೆ. ನಮ್ಮಲ್ಲಿ ಫೌಂಡ್ರಿಯ ಮೋಲ್ಡರ್‌ಗಳಿದ್ದಾರೆ, ಸಿಎನ್‌ಸಿ ಆಪರೇಟರ್‌ಗಳಿದ್ದಾರೆ, ನಾಲ್ಕಾರು ಜನರನ್ನು ಇಟ್ಟುಕೊಂಡು ಶೆಡ್ ನಡೆಸುವ ಮಾಲೀಕರಿದ್ದಾರೆ, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿದ್ದಾರೆ, ಐಟಿಐ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗರಿದ್ದಾರೆ. ಹೆಚ್ಚಿನವರು ಭತ್ತ, ಅಡಿಕೆಯ ಮನೆಗಳಿಂದ ಬಂದವರು. ತುಂಗೆ, ಭದ್ರೆ ಎರಡೂ ಕೂಡಲಿಯಲ್ಲಿ ಸೇರುವ ಈ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಮನೆ ನಡೆಸುವುದು ಕಾರ್ಖಾನೆಯ ಸಂಬಳ. ಆದ್ದರಿಂದ ಕಾರ್ಖಾನೆ ಹೇಗೆ ನಡೆಯಬೇಕು ಎಂಬ ಪ್ರಶ್ನೆ ಮಾಲೀಕರದ್ದಷ್ಟೇ ಅಲ್ಲ, ನಮ್ಮೆಲ್ಲರದ್ದು.

ನಮ್ಮ ನಂಬಿಕೆ ಇದು. ಇವತ್ತು ಮಾಡುತ್ತಿರುವ ಕೆಲಸದಿಂದ ನಾಳೆ ಬರುವ ಕೆಲಸಕ್ಕೆ ಬೇಗ, ಕಡಿಮೆ ನಷ್ಟದಲ್ಲಿ, ಗುಣಮಟ್ಟ ಕೆಡಿಸದೆ ತಿರುಗಬಲ್ಲ ಕಾರ್ಖಾನೆಯೇ ಲಾಭ ಮಾಡುತ್ತದೆ, ಉಳಿಯುತ್ತದೆ, ಊರನ್ನೂ ಉಳಿಸುತ್ತದೆ. ಆ ಹೊಂದಿಕೊಳ್ಳುವ ಶಕ್ತಿ ಮುಖ್ಯವಾಗಿ ಕೆಲಸಗಾರರ ಕಲಿಕೆಯಲ್ಲಿ, ಕೆಲಸದ ಶಿಸ್ತಿನಲ್ಲಿ ಇರುತ್ತದೆ. ಅದನ್ನು ಕಟ್ಟುವುದೇ ನಮ್ಮ ಚಳವಳಿಯ ಗುರಿ.

1. ಭದ್ರಾವತಿ ಕಲಿಸಿದ್ದು

ಈ ಪಾಠವನ್ನು ದೂರದಿಂದ ತರಬೇಕಾಗಿಲ್ಲ. ಒಂದು ಕಾಲಕ್ಕೆ ಬೆಂಕಿಪುರವೆನಿಸಿಕೊಂಡಿದ್ದ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡಿದ್ದು 1923ರ ಜನವರಿಯಲ್ಲಿ. ಕಲ್ಲಿದ್ದಲು ಇಲ್ಲದ ನಾಡು ನಮ್ಮದು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆಯ ಇದ್ದಿಲು, ಇವೆರಡರಿಂದಲೇ ಕಬ್ಬಿಣ ಕರಗಿಸಬೇಕಿತ್ತು. ಉತ್ಪಾದನೆ ಶುರುವಾಗುವ ಹೊತ್ತಿಗೆ ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದುಹೋಗಿತ್ತು. ಕಾರ್ಖಾನೆ ನಷ್ಟಕ್ಕೆ ಇಳಿಯಿತು. ದಿವಾನಗಿರಿ ಬಿಟ್ಟು ಐದು ವರ್ಷವಾಗಿದ್ದ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು 1929ರವರೆಗೆ ಅದನ್ನು ನಡೆಸಿದರು.

ಆ ದಶಕಗಳಲ್ಲಿ ಏನಾಯಿತು ನೋಡಿ. ಸೌದೆಯನ್ನು ಇದ್ದಿಲು ಮಾಡುವಾಗ ಹೊರಬರುವ ಹೊಗೆಯನ್ನು ಗಾಳಿಗೆ ಬಿಡದೆ ಭಟ್ಟಿ ಇಳಿಸಿ ಮೆಥನಾಲ್, ಅಸಿಟೇಟ್, ಟಾರು ತೆಗೆದು ಮಾರಿದರು. ಕಚ್ಚಾ ಕಬ್ಬಿಣಕ್ಕೆ ಬೆಲೆ ಇಲ್ಲದಾಗ ಅದೇ ಕಬ್ಬಿಣವನ್ನು ನೀರಿನ ಪೈಪುಗಳಾಗಿ ಎರಕ ಹೊಯ್ದರು. 1936ರಲ್ಲಿ ಉಕ್ಕು ಬಂತು, 1938ರಲ್ಲಿ ಸಿಮೆಂಟು, ಆಮೇಲೆ ಫೆರೋಸಿಲಿಕಾನ್. 1948ರಲ್ಲಿ ಜೋಗದ ಜಲವಿದ್ಯುತ್ ಕೇಂದ್ರ ಕೆಲಸ ಶುರುಮಾಡಿದ ಮೇಲೆ, ಕಾಡಿನ ಇದ್ದಿಲನ್ನೇ ನೆಚ್ಚಿಕೊಳ್ಳದೆ ವಿದ್ಯುತ್ ಕುಲುಮೆಗಳಿಗೆ ತಿರುಗಿದರು. ಮುಂದೆ ಮಿಶ್ರಲೋಹ ಮತ್ತು ವಿಶೇಷ ಉಕ್ಕು ಈ ಕಾರ್ಖಾನೆಯ ಗುರುತಾಯಿತು. ಒಂದೇ ಆವರಣದಲ್ಲಿ ಇಂಧನ ಬದಲಾಯಿತು, ಸರಕು ಬದಲಾಯಿತು, ಮಾರುಕಟ್ಟೆ ಬದಲಾಯಿತು. ಕಾರ್ಖಾನೆ ಉಳಿದಿದ್ದೇ ಆ ಬದಲಾವಣೆಯಿಂದ.

ಭದ್ರಾವತಿಯಲ್ಲೇ 1936ರಲ್ಲಿ ಹುಟ್ಟಿದ ಮೈಸೂರು ಪೇಪರ್ ಮಿಲ್ಸ್ ಕೂಡ ಇದೇ ದಾರಿ ಹಿಡಿದಿತ್ತು. ಬಿದಿರು, ಮರದ ಜೊತೆಗೆ ಕಬ್ಬಿನ ಸಿಪ್ಪೆಯಿಂದಲೂ ಕಾಗದ ಮಾಡಿತು. ಪಕ್ಕದಲ್ಲೇ ಸಕ್ಕರೆ ಘಟಕ ಕಟ್ಟಿಕೊಂಡು ರೈತನ ಕಬ್ಬನ್ನು ಸಕ್ಕರೆಗೆ, ಉಳಿದ ಸಿಪ್ಪೆಯನ್ನು ಕಾಗದಕ್ಕೆ ಬಳಸಿತು. ಬರೆಯುವ ಕಾಗದವನ್ನೂ ಪತ್ರಿಕೆಗಳ ಮುದ್ರಣ ಕಾಗದವನ್ನೂ ತಯಾರಿಸಿತು.

ಮುಂದಿನ ಕಥೆ ಭದ್ರಾವತಿಯ ಪ್ರತಿ ಮನೆಗೂ ಗೊತ್ತು. ಉಕ್ಕಿನ ಕಾರ್ಖಾನೆ 1989ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಸಂಸ್ಥೆ ಸೇಲ್ ಕೈಗೆ ಹೋಯಿತು. 2016ರಲ್ಲಿ ಷೇರು ವಿಕ್ರಯದ ತೀರ್ಮಾನವಾಯಿತು. ಕೊಳ್ಳುವವರು ಮುಂದೆ ಬರದೆ 2022ರಲ್ಲಿ ಆ ಪ್ರಕ್ರಿಯೆ ರದ್ದಾಯಿತು. 2023ರ ಜನವರಿಯಲ್ಲಿ ಮುಚ್ಚುವ ಮಾತು ಬಂತು, ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು, ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಕಾಗದ ಕಾರ್ಖಾನೆಯಲ್ಲಿ ಯಂತ್ರಗಳು ನಿಂತು ಹಲವು ವರ್ಷಗಳಾಗಿವೆ.

ಇದಕ್ಕೆಲ್ಲ ಒಂದೇ ಕಾರಣ ಎಂದು ನಾವು ಹೇಳುವುದಿಲ್ಲ. ಕೊನೆಯ ವರ್ಷಗಳಲ್ಲಿ ಸ್ವಂತ ಅದಿರಿನ ಗಣಿ ಇಲ್ಲದ ಉಕ್ಕಿನ ಕಾರ್ಖಾನೆ ದುಬಾರಿ ಅದಿರು ಕೊಂಡು ಸ್ಪರ್ಧಿಸಬೇಕಾಯಿತು. ಆಮದು ಕಾಗದದ ಬೆಲೆಗೆ ಇಲ್ಲಿನ ಹಳೆಯ ಯಂತ್ರಗಳು ಸರಿಸಾಟಿಯಾಗಲಿಲ್ಲ. ಆದರೆ ಒಂದು ಮಾತು ಸ್ಪಷ್ಟ. ಮೊದಲ ನಾಲ್ಕು ದಶಕಗಳಲ್ಲಿ ಕಷ್ಟ ಬಂದಾಗಲೆಲ್ಲ ತಿರುವಿನ ತೀರ್ಮಾನ ಬೇಗ ಆಗುತ್ತಿತ್ತು, ಅದಕ್ಕೆ ಬೇಕಾದ ಬಂಡವಾಳ ಹಿಂದೆಯೇ ಬರುತ್ತಿತ್ತು. ಕೊನೆಯ ದಶಕಗಳಲ್ಲಿ ಹಲವು ಬಗೆಯ ಉಕ್ಕು ಮಾಡುವ ಕೈಗಳು ಇದ್ದವು, ತೀರ್ಮಾನ ಇರಲಿಲ್ಲ. ಯಂತ್ರ ತಿರುಗಬಲ್ಲದಾದರೂ ಆಡಳಿತ ತಿರುಗದಿದ್ದರೆ ಕಾರ್ಖಾನೆ ನಿಲ್ಲುತ್ತದೆ. ಇದು ಭದ್ರಾವತಿ ನಮಗೆ ಕಲಿಸಿದ ಮೊದಲ ಪಾಠ.

2. ಲಾಭ ಎಲ್ಲಿಂದ ಬರುತ್ತದೆ

ಹೊಂದಿಕೊಳ್ಳುವ ಶಕ್ತಿ ಎಂದರೆ ಒಂದೇ ಗುಣವಲ್ಲ. ಒಂದೇ ಯಂತ್ರದಲ್ಲಿ ಹಲವು ಜಾಬ್ ಮಾಡುವುದು ಒಂದು. ಆರ್ಡರ್ ಏರಿದಾಗ ಏರುವುದು, ಇಳಿದಾಗ ನಷ್ಟವಿಲ್ಲದೆ ಇಳಿಯುವುದು ಇನ್ನೊಂದು. ಹೊಸ ಡ್ರಾಯಿಂಗ್ ಕೈಗೆ ಬಂದ ಮೇಲೆ ಬೇಗ ಮೊದಲ ಪೀಸ್ ತೆಗೆದುಕೊಡುವುದು ಮೂರನೆಯದು. ಒಂದು ಯಂತ್ರ ಕೆಟ್ಟರೆ ಕೆಲಸವನ್ನು ಇನ್ನೊಂದಕ್ಕೆ ಹಾಯಿಸುವುದು ನಾಲ್ಕನೆಯದು. ಒಬ್ಬ ಕೆಲಸಗಾರ ಮೂರು ಯಂತ್ರ ಬಲ್ಲವನಾಗಿರುವುದು ಐದನೆಯದು. ಮೊದಲ ನಾಲ್ಕೂ ಈ ಐದನೆಯದರ ಮೇಲೆ ನಿಂತಿವೆ.

ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಯಾವುದಾದರೂ ಮಷಿನ್ ಶಾಪ್‌ಗೆ ಹೋಗಿ ಒಂದು ಸೆಟ್ಟಿಂಗ್ ಬದಲಾವಣೆಯನ್ನು ನಿಂತು ನೋಡಿ. ಹಳೆಯ ಬ್ಯಾಚ್ ಮುಗಿಯಿತು, ಯಂತ್ರ ನಿಂತಿತು. ಆಮೇಲೆ ಸೆಟ್ಟರ್ ಡ್ರಾಯಿಂಗ್ ಹುಡುಕಲು ಆಫೀಸಿಗೆ ಹೋಗುತ್ತಾನೆ. ಚಕ್‌ನ ಜಾ ಬಿಚ್ಚಿ ಹೊಸದನ್ನು ಕೂರಿಸಿ ಬೋರ್ ಹೊಡೆಯುತ್ತಾನೆ. ಬೇಕಾದ ಟೂಲ್ ಸ್ಟೋರ್‌ನಲ್ಲಿ ಇಲ್ಲ, ಇನ್ನೊಂದು ಯಂತ್ರದಿಂದ ತರುತ್ತಾನೆ. ಆಫ್‌ಸೆಟ್ ಕೊಡುತ್ತಾನೆ, ಮೊದಲ ಪೀಸ್ ತೆಗೆಯುತ್ತಾನೆ, ಅಳತೆಗೆ ಕಳಿಸಿ ಕಾಯುತ್ತಾನೆ. ಮೂರು ಗಂಟೆ ಹೋಯಿತು. ಅದರಲ್ಲಿ ಯಂತ್ರ ನಿಂತೇ ಇರಬೇಕಾಗಿದ್ದ ಕೆಲಸ ಅರ್ಧ ಗಂಟೆಯದ್ದೂ ಇರುವುದಿಲ್ಲ. ಮಿಕ್ಕಿದ್ದನ್ನು ಹಿಂದಿನ ಬ್ಯಾಚ್ ಓಡುತ್ತಿರುವಾಗಲೇ ಮುಗಿಸಬಹುದಿತ್ತು.

ಇದರ ಲೆಕ್ಕ ಹಾಕೋಣ. ಸೆಟ್ಟಿಂಗ್‌ಗೆ ಮೂರು ಗಂಟೆ ಎಂದರೆ 180 ನಿಮಿಷ. ಆ ಹೊರೆಯನ್ನು ಹಂಚಲು ಮಾಲೀಕರು 600 ಪೀಸಿನ ಬ್ಯಾಚ್ ಓಡಿಸುತ್ತಾರೆ ಎಂದುಕೊಳ್ಳಿ. ಪೀಸಿಗೆ 0.3 ನಿಮಿಷ ಬಿತ್ತು. ಸೆಟ್ಟಿಂಗನ್ನು 30 ನಿಮಿಷಕ್ಕೆ ಇಳಿಸಿದರೆ 100 ಪೀಸಿನ ಬ್ಯಾಚ್‌ನಲ್ಲೇ ಅದೇ 0.3 ನಿಮಿಷ ಬೀಳುತ್ತದೆ. 600ರ ಬ್ಯಾಚ್‌ನಲ್ಲಿ ಸರಾಸರಿ 300 ಪೀಸು ರ‍್ಯಾಕ್‌ನಲ್ಲಿ ಕೂತಿರುತ್ತವೆ, 100ರ ಬ್ಯಾಚ್‌ನಲ್ಲಿ 50. ಪೀಸಿಗೆ 400 ರೂಪಾಯಿ ಹೂಡಿಕೆ ಇದ್ದು ಹತ್ತು ಬಗೆಯ ಪೀಸು ಮಾಡುವ ಶಾಪ್‌ನಲ್ಲಿ ಕೂತ ಹಣ 12 ಲಕ್ಷದಿಂದ 2 ಲಕ್ಷಕ್ಕೆ ಇಳಿಯಿತು. ಬಿಡುಗಡೆಯಾದ 10 ಲಕ್ಷಕ್ಕೆ ಬ್ಯಾಂಕಿನವರು ಶೇ 12 ಬಡ್ಡಿ ಹಾಕುವುದಾದರೆ ವರ್ಷಕ್ಕೆ 1.2 ಲಕ್ಷ ಉಳಿಯಿತು. ಹೊಸ ಯಂತ್ರ ಕೊಂಡಿಲ್ಲ, ಯಾರನ್ನೂ ಕೆಲಸದಿಂದ ತೆಗೆದಿಲ್ಲ.

ಉಳಿತಾಯ ಇದರ ಒಂದು ಮುಖ ಮಾತ್ರ. ಸಣ್ಣ ಬ್ಯಾಚ್ ಓಡಿಸಬಲ್ಲವನು ತುರ್ತಿನ ಆರ್ಡರನ್ನು ಬೇಡವೆನ್ನುವುದಿಲ್ಲ. ಅಳತೆ ತಪ್ಪಿದರೆ 600 ಪೀಸಿನ ಬದಲು 100ರೊಳಗೇ ಗೊತ್ತಾಗುತ್ತದೆ. ಗಿರಾಕಿ ಡಿಸೈನ್ ಬದಲಾಯಿಸಿದಾಗ ರ‍್ಯಾಕ್‌ನಲ್ಲಿರುವ ಮಾಲು ಗುಜರಿಗೆ ಹೋಗುವುದಿಲ್ಲ. ಹೇಳಿದ ದಿನಕ್ಕೆ ಮಾಲು ತಲುಪಿಸುವವನಿಗೆ ಬೆಲೆ ಕೇಳುವ ಧೈರ್ಯ ಬರುತ್ತದೆ. ವ್ಯವಹಾರದ ಬಲ ಬರುವುದು ಈ ದಾರಿಯಲ್ಲಿ.

3. ಜಗತ್ತು ಕಂಡ ಸತ್ಯ

ಹೆನ್ರಿ ಫೋರ್ಡ್ ಒಂದೇ ಮಾಡೆಲ್ ಟಿ ಕಾರನ್ನು ಕೋಟಿಗೂ ಮೀರಿ ತಯಾರಿಸಿ ಜಗತ್ತಿಗೆ ಕಡಿಮೆ ಬೆಲೆಯ ಕಾರು ಕೊಟ್ಟರು. ಆದರೆ ಇಡೀ ಕಾರ್ಖಾನೆ ಆ ಒಂದು ಕಾರಿಗೆ ಕಟ್ಟುಬಿದ್ದಿತ್ತು. 1927ರಲ್ಲಿ ಹೊಸ ಮಾಡೆಲ್‌ಗೆ ತಿರುಗಬೇಕಾದಾಗ ತಿಂಗಳುಗಟ್ಟಲೆ ಉತ್ಪಾದನೆ ನಿಲ್ಲಿಸಬೇಕಾಯಿತು. ಆ ಹೊತ್ತಿಗೆ ಷೆವರ್ಲೆ ಮುಂದೆ ಹೋಯಿತು.

ಯುದ್ಧದಲ್ಲಿ ಸೋತ ಜಪಾನಿನ ಟೊಯೋಟಾಗೆ ಅಷ್ಟು ದೊಡ್ಡ ಮಾರುಕಟ್ಟೆಯೂ ಇರಲಿಲ್ಲ, ಒಂದೊಂದು ಮಾಡೆಲ್‌ಗೆ ಒಂದೊಂದು ಪ್ರೆಸ್ ಕೊಳ್ಳುವ ಹಣವೂ ಇರಲಿಲ್ಲ. ಇದ್ದ ಪ್ರೆಸ್‌ನಲ್ಲೇ ಡೈ ಬದಲಾಯಿಸುತ್ತ ಹಲವು ಭಾಗ ಮಾಡುವುದನ್ನು ಕಲಿಯಬೇಕಾಯಿತು. 1969ರಲ್ಲಿ ಶಿಗಿಯೊ ಶಿಂಗೊ ಅಲ್ಲಿ 1,000 ಟನ್ನಿನ ಪ್ರೆಸ್‌ನ ಡೈ ಬದಲಾವಣೆಯನ್ನು ನಾಲ್ಕು ಗಂಟೆಯಿಂದ ಮೂರು ನಿಮಿಷಕ್ಕೆ ತಂದರು. ಅವರ ಸೂತ್ರದ ತಿರುಳು ಸರಳ. ಯಂತ್ರ ನಿಂತಾಗ ಮಾತ್ರ ಮಾಡಬಹುದಾದ ಕೆಲಸ, ಓಡುತ್ತಿರುವಾಗಲೇ ಮಾಡಬಹುದಾದ ಕೆಲಸ ಎಂದು ಬೇರೆ ಮಾಡಿ. ಎರಡನೆಯದನ್ನು ಮೊದಲೇ ಮುಗಿಸಿಡಿ. ಮೊದಲನೆಯದನ್ನು ಕಡಿಮೆ ಮಾಡುತ್ತ ಹೋಗಿ.

ಭದ್ರಾವತಿಯವರು ಗಮನಿಸಲೇಬೇಕಾದ ಇನ್ನೊಂದು ಅಧ್ಯಯನವಿದೆ. ಹಾರ್ವರ್ಡ್‌ನ ಡೇವಿಡ್ ಅಪ್ಟನ್ ಉತ್ತರ ಅಮೆರಿಕದ 61 ಕಾಗದ ಕಾರ್ಖಾನೆಗಳನ್ನು ನೋಡಿ 1995ರಲ್ಲಿ ಬರೆದರು. ಒಂದು ಬಗೆಯ ಕಾಗದದಿಂದ ಇನ್ನೊಂದಕ್ಕೆ ಬೇಗ ತಿರುಗುವ ಕಾರ್ಖಾನೆಗಳಿಗೂ ನಿಧಾನದವುಗಳಿಗೂ ಅಪಾರ ಅಂತರವಿತ್ತು. ಆ ಅಂತರಕ್ಕೆ ಕಾರಣ ದುಬಾರಿ ಕಂಪ್ಯೂಟರ್ ವ್ಯವಸ್ಥೆ ಅಲ್ಲ ಎಂಬುದು ಅವರು ಕಂಡುಕೊಂಡದ್ದು. ಕೆಲಸಗಾರರ ಅನುಭವ, ವ್ಯವಸ್ಥಾಪಕರು ಅವರೊಂದಿಗೆ ಎಷ್ಟು ಮಾತಾಡುತ್ತಾರೆ, ಬೇಗ ತಿರುಗುವುದಕ್ಕೆ ಎಷ್ಟು ಮಹತ್ವ ಕೊಟ್ಟು ಅಳೆಯುತ್ತಾರೆ, ಇವೇ ನಿರ್ಧರಿಸುತ್ತಿದ್ದವು.

ನಮ್ಮ ರಾಜ್ಯವೇ 2020ರಲ್ಲಿ ಇದನ್ನು ತೋರಿಸಿಕೊಟ್ಟಿತು. ಕೊರೊನಾ ಬಂದಾಗ ರಾಡಾರ್, ಸೇನಾ ಉಪಕರಣ ಮಾಡುವ ಬೆಂಗಳೂರಿನ ಬಿಇಎಲ್ ಮೈಸೂರಿನ ಸ್ಕ್ಯಾನ್‌ರೇ ಜೊತೆ ಸೇರಿ ತಿಂಗಳುಗಳೊಳಗೆ 30,000 ವೆಂಟಿಲೇಟರ್ ತಯಾರಿಸಿತು. ಅಂಗಿ ಹೊಲಿಯುತ್ತಿದ್ದ ಗಾರ್ಮೆಂಟ್ಸ್‌ಗಳಲ್ಲಿ ಪಿಪಿಇ ಕಿಟ್ ಹೊಲಿದರು. ಯಂತ್ರಗಳು ಬಹುಪಾಲು ಅವೇ. ಕೈಗಳೂ ಅವೇ.

4. ಈಗಲೇ ಏಕೆ

ಶಿವಮೊಗ್ಗದ ಫೌಂಡ್ರಿಗಳು ದಶಕಗಳಿಂದ ಎಂಜಿನ್ನಿನ ಸಿಲಿಂಡರ್ ಲೈನರ್, ಟ್ರ್ಯಾಕ್ಟರ್ ಮತ್ತು ಲಾರಿಗಳ ಎರಕದ ಭಾಗಗಳನ್ನು ಮಾಡಿಕೊಡುತ್ತಿವೆ. ದೇಶ 2020ರ ಏಪ್ರಿಲ್ 1ರಂದು ವಾಹನಗಳ ಹೊಗೆಯ ಮಾನದಂಡದಲ್ಲಿ ಬಿಎಸ್-4ರಿಂದ ನೇರವಾಗಿ ಬಿಎಸ್-6ಕ್ಕೆ ಜಿಗಿದಾಗ ಎಂಜಿನ್ ವಿನ್ಯಾಸಗಳು ಬದಲಾದವು. ಈಗ ವಿದ್ಯುತ್ ವಾಹನ ಬಂದಿದೆ. ಅದರಲ್ಲಿ ಸಿಲಿಂಡರ್ ಇಲ್ಲ, ಲೈನರ್ ಬೇಡ. ಟ್ರ್ಯಾಕ್ಟರ್ ಮತ್ತು ಭಾರಿ ವಾಹನಗಳಲ್ಲಿ ಡೀಸೆಲ್ ಇನ್ನೂ ಕೆಲವು ಕಾಲ ಇರಬಹುದು. ಆದರೆ ಒಂದೇ ಸರಕು, ಒಂದಿಬ್ಬರೇ ದೊಡ್ಡ ಗಿರಾಕಿಗಳು ಎಂದು ಕೂತ ಫೌಂಡ್ರಿಗೆ ಮುಂದಿನ ಹತ್ತು ವರ್ಷ ಸುಲಭವಲ್ಲ. ತಿರುಗುವುದನ್ನು ಆರ್ಡರ್ ಇರುವಾಗಲೇ ಕಲಿಯಬೇಕು. ಆರ್ಡರ್ ನಿಂತ ಮೇಲೆ ಕಲಿಯಲು ಹಣವೂ ಇರುವುದಿಲ್ಲ, ಕಲಿತವರೂ ಉಳಿದಿರುವುದಿಲ್ಲ.

ತಿರುಗುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ ಎಂಬುದೂ ನಮಗೆ ಗೊತ್ತು. ಗ್ರೇ ಐರನ್ ಹೊಯ್ಯುವ ಫೌಂಡ್ರಿ ಎಸ್‌ಜಿ ಐರನ್ನಿಗೆ ಹೋಗಬೇಕು ಎಂದುಕೊಳ್ಳಿ. ಕರಗಿದ ಲೋಹಕ್ಕೆ ಮೆಗ್ನೀಸಿಯಂ ಕೊಟ್ಟ ಮೇಲೆ ಹತ್ತು ನಿಮಿಷದ ಆಸುಪಾಸಿನಲ್ಲಿ ಎರಕ ಮುಗಿಸಬೇಕು. ತಡವಾದರೆ ಅದರ ಪ್ರಭಾವ ಇಳಿದು ಗ್ರಾಫೈಟ್ ಗುಂಡಾಗಿ ಕೂರುವುದಿಲ್ಲ, ಎರಕ ರಿಜೆಕ್ಟ್. ಗ್ರೇ ಐರನ್ನಿನ ಗುಜರಿ ಬೆರೆತು ಗಂಧಕ ಹೆಚ್ಚಾದರೆ ಮೆಗ್ನೀಸಿಯಂ ಅದಕ್ಕೇ ಖರ್ಚಾಗಿಹೋಗುತ್ತದೆ. ಆದ್ದರಿಂದ ಗುಜರಿಯನ್ನು ಬೇರೆ ಬೇರೆ ರಾಶಿ ಹಾಕುವವನಿಂದ ಹಿಡಿದು ಲ್ಯಾಡಲ್ ಹಿಡಿದವನವರೆಗೆ ಎಲ್ಲರಿಗೂ ಕಾರಣ ಗೊತ್ತಿರಬೇಕು. ಇಂಥ ಅರಿವನ್ನು ದಿನಗೂಲಿಗೆ ಬಂದು ಮುಂದಿನ ತಿಂಗಳು ಹೋಗುವವರಿಂದ ನಿರೀಕ್ಷಿಸಲಾಗದು.

5. ನಾವು ಒಪ್ಪದಿರುವುದು

ಹೊಂದಿಕೊಳ್ಳುವಿಕೆಯ ಹೆಸರಲ್ಲಿ ಕೆಲಸಗಾರರನ್ನು ಬೇಕಾದಾಗ ಕರೆದು ಬೇಡವಾದಾಗ ಕೈಬಿಡುವುದನ್ನು ನಾವು ಒಪ್ಪುವುದಿಲ್ಲ. ಅದು ಮಾರುಕಟ್ಟೆಯ ಏರಿಳಿತವನ್ನು ಅತಿ ಕಡಿಮೆ ಸಂಬಳದವರ ಹೆಗಲಿಗೆ ಹೊರಿಸುವ ಉಪಾಯ. ಹಾಗೆ ಮಾಡಿದ ಕಾರ್ಖಾನೆ ತಾನು ಕಲಿಸಿದ್ದನ್ನೆಲ್ಲ ಪ್ರತಿ ಬಾರಿ ಗೇಟಿನಾಚೆ ಕಳಿಸುತ್ತದೆ. ಆರು ತಿಂಗಳ ಬಳಿಕ ಹೊಸ ಆರ್ಡರ್ ಬಂದಾಗ ಮೊದಲಿನಿಂದ ಕಲಿಸಬೇಕಾಗುತ್ತದೆ.

ದೊಡ್ಡ ಕಂಪನಿ ತನ್ನ ಶೆಡ್ಯೂಲ್ ದಿನಕ್ಕೊಮ್ಮೆ ಬದಲಾಯಿಸುತ್ತ, ಸಣ್ಣ ಶೆಡ್‌ನವನು ಸ್ಟಾಕ್ ಇಟ್ಟುಕೊಂಡು ಕಾಯಲಿ ಎನ್ನುವುದನ್ನೂ ಒಪ್ಪುವುದಿಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಸಣ್ಣ ಉದ್ಯಮಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕೆನ್ನುತ್ತದೆ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎನ್ನುತ್ತದೆ. ಆದರೂ ಬಿಲ್ಲಿನ ಹಣ ಸಿಕ್ಕಿಕೊಂಡೇ ಇರುವ ಶೆಡ್‌ಗೆ ಹೊಸ ಫಿಕ್ಸ್ಚರ್ ಮಾಡಿಸುವ ಶಕ್ತಿ ಎಲ್ಲಿಂದ ಬರಬೇಕು?

ಎಲ್ಲ ಕಾರ್ಖಾನೆಯೂ ಎಲ್ಲವನ್ನೂ ಮಾಡಬೇಕು ಎಂಬ ಹುಚ್ಚನ್ನೂ ನಾವು ಹರಡುವುದಿಲ್ಲ. ಹೊಂದಿಕೊಳ್ಳುವ ಶಕ್ತಿಗೆ ಖರ್ಚಿದೆ. ಬೇಡಿಕೆ ಸ್ಥಿರವಾಗಿರುವ ಸರಕಿಗೆ ಅದಕ್ಕೇ ಮೀಸಲಾದ ಯಂತ್ರವೇ ಲಾಭ. ಯಂತ್ರೋಪಕರಣ ತಯಾರಿಸುವ ಕಂಪನಿಗಳ ಬಗ್ಗೆ ಸ್ವಾಮಿದಾಸ್ ಮತ್ತು ನ್ಯೂವೆಲ್ 1987ರಲ್ಲಿ ಪ್ರಕಟಿಸಿದ ಅಧ್ಯಯನ ಹೊಂದಿಕೊಳ್ಳುವ ಶಕ್ತಿಗೂ ಉತ್ತಮ ಸಾಧನೆಗೂ ನಂಟಿದೆ ಎಂದು ತೋರಿಸಿತು. ಅವರು ನೋಡಿದ್ದು ಅನಿಶ್ಚಿತ ಮಾರುಕಟ್ಟೆಯ ಉದ್ಯಮವನ್ನು. ನಮ್ಮ ಫೌಂಡ್ರಿ, ಮಷಿನ್ ಶಾಪ್‌ಗಳು ಇರುವುದೂ ಅಂಥದೇ ಮಾರುಕಟ್ಟೆಯಲ್ಲಿ. ಎಲ್ಲವನ್ನೂ ಮಾಡಿದರೂ ಸಾಲದು ಎಂಬುದಕ್ಕೆ ಎಚ್‌ಎಂಟಿಯನ್ನು ನೋಡಿ. ಅದು ಯಂತ್ರ, ಗಡಿಯಾರ, ಟ್ರ್ಯಾಕ್ಟರ್, ದೀಪ ಎಲ್ಲವನ್ನೂ ಮಾಡಿತು. ಆದರೂ ಅದರ ಗಡಿಯಾರ ಕಂಪನಿ 2016ರಲ್ಲಿ ಮುಚ್ಚಿತು. ಸರಕಿನ ಪಟ್ಟಿ ಉದ್ದವಿದ್ದ ಮಾತ್ರಕ್ಕೆ ಕಾರ್ಖಾನೆ ಮಾರುಕಟ್ಟೆಯ ಜೊತೆ ತಿರುಗುತ್ತದೆ ಎಂದಲ್ಲ.

6. ನಮ್ಮ ಸಂಕಲ್ಪ, ನಮ್ಮ ಹಕ್ಕೊತ್ತಾಯ

ಒಂದು: ಪ್ರತಿ ಸದಸ್ಯ ಘಟಕ ತನ್ನ ಸೆಟ್ಟಿಂಗ್ ಸಮಯವನ್ನು ಅಳೆದು ಗೋಡೆಯ ಬೋರ್ಡ್ ಮೇಲೆ ಬರೆಯಬೇಕು. ಅಳೆಯದೆ ಕಡಿಮೆಯಾಗದು. ಮೊದಲ ವರ್ಷದ ಗುರಿ, ಈಗಿರುವುದರ ಅರ್ಧ.

ಎರಡು: ಪ್ರತಿ ಕೆಲಸಗಾರ ವರ್ಷದೊಳಗೆ ಇನ್ನೊಂದು ಯಂತ್ರ ಅಥವಾ ಇನ್ನೊಂದು ಕೆಲಸ ಕಲಿಯಬೇಕು. ಕಲಿತದ್ದಕ್ಕೆ ಸಂಬಳ ಏರಬೇಕು. ಕಲಿಸಿದ ಹಿರಿಯರಿಗೂ ಭತ್ಯೆ ಸಿಗಬೇಕು. ಹೆಣ್ಣುಮಕ್ಕಳನ್ನು ಒಂದೇ ಯಂತ್ರಕ್ಕೆ ಕಟ್ಟಿಹಾಕದೆ ಸೆಟ್ಟಿಂಗ್, ಅಳತೆಯ ಕೆಲಸಕ್ಕೂ ತಯಾರು ಮಾಡಬೇಕು.

ಮೂರು: ಆರ್ಡರ್ ಇಳಿದ ದಿನಗಳಲ್ಲಿ ಕೆಲಸಗಾರರನ್ನು ಕಳಿಸದೆ ಆ ಸಮಯವನ್ನು ತರಬೇತಿಗೆ, ಯಂತ್ರಗಳ ದುರಸ್ತಿಗೆ, ಫಿಕ್ಸ್ಚರ್ ತಯಾರಿಗೆ ಬಳಸಬೇಕು. ಆ ದಿನಗಳ ಸಂಬಳದಲ್ಲಿ ಒಂದು ಪಾಲನ್ನು ಸರ್ಕಾರ ಭರಿಸಬೇಕೆಂದು ಒತ್ತಾಯಿಸುತ್ತೇವೆ.

ನಾಲ್ಕು: ಒಂದು ಶೆಡ್‌ನಲ್ಲಿ ಆಗದ ಕೆಲಸವನ್ನು ಪಕ್ಕದ ಶೆಡ್‌ಗೆ ಹಾಯಿಸುವ ಪದ್ಧತಿ ಬೇಕು. ಎರಕ ಒಬ್ಬರಲ್ಲಿ, ಮಷಿನಿಂಗ್ ಇನ್ನೊಬ್ಬರಲ್ಲಿ, ಹೀಟ್ ಟ್ರೀಟ್‌ಮೆಂಟ್ ಮತ್ತೊಬ್ಬರಲ್ಲಿ ಆಗಲಿ. ಒಬ್ಬೊಬ್ಬರೂ ಕೊಳ್ಳಲಾಗದ ಪರೀಕ್ಷಾ ಉಪಕರಣವನ್ನು ಹತ್ತು ಜನ ಸೇರಿ ಇಡಬಹುದು. ಬೆಳೆಗಾರರು 1939ರಲ್ಲೇ ಶಿವಮೊಗ್ಗದಲ್ಲಿ ಮಾಮ್‌ಕೋಸ್ ಕಟ್ಟಿ ಅಡಿಕೆ ಮಾರಾಟಕ್ಕೆ ಸಹಕಾರದ ಬಲ ತಂದರು. ಯಂತ್ರದ ಕೆಲಸಕ್ಕೂ ಅದೇ ದಾರಿ ಇದೆ.

ಐದು: ನಮ್ಮ ಸೀಮೆಯದೇ ಬೇಡಿಕೆಗೂ ತಿರುಗಬೇಕು. ಅಡಿಕೆ ಸುಲಿಯುವ ಯಂತ್ರ, ಮರ ಹತ್ತುವ ಸಾಧನ, ಟಿಲ್ಲರ್ ಬಿಡಿಭಾಗ, ಪಂಪಿನ ಎರಕ, ಇವೆಲ್ಲ ಇಲ್ಲೇ ಬೇಕಾದವು. ಪೇಟೆಯ ಗಿರಾಕಿ ಕೈಬಿಟ್ಟ ವರ್ಷ ಊರಿನ ಗಿರಾಕಿ ಶೆಡ್ಡನ್ನು ಉಳಿಸುತ್ತಾನೆ.

ಆರು: ಶಿವಮೊಗ್ಗದ ಎಂಜಿನಿಯರಿಂಗ್ ಕಾಲೇಜು ಜೆಎನ್‌ಎನ್‌ಸಿಇ, ಕುವೆಂಪು ವಿಶ್ವವಿದ್ಯಾಲಯ, ಜಿಲ್ಲೆಯ ಪಾಲಿಟೆಕ್ನಿಕ್, ಐಟಿಐಗಳನ್ನು ನಾವು ಕರೆಯುತ್ತೇವೆ. ನಿಮ್ಮ ವಿದ್ಯಾರ್ಥಿಗಳ ಪ್ರಾಜೆಕ್ಟ್ ನಮ್ಮ ಶೆಡ್‌ಗಳಲ್ಲಿ ಆಗಲಿ. ಸೆಟ್ಟಿಂಗ್ ಪಾಠವನ್ನು ಕನ್ನಡದಲ್ಲಿ ಬರೆಯಿರಿ. ನಮ್ಮ ಲೆಕ್ಕಗಳನ್ನು ಪರೀಕ್ಷಿಸಿ ತಪ್ಪಿದ್ದರೆ ಹೇಳಿ.

ಏಳು: ಭದ್ರಾವತಿಯ ಎರಡೂ ಕಾರ್ಖಾನೆಗಳ ಬಗ್ಗೆ ಕೇಂದ್ರ, ರಾಜ್ಯ ಸರ್ಕಾರಗಳು ಗಡುವಿನೊಳಗೆ ತೀರ್ಮಾನ ಕೊಡಬೇಕು. ಉಕ್ಕಿನ ಕಾರ್ಖಾನೆಗೆ ಅದಿರು ಮತ್ತು ಬಂಡವಾಳ ಬೇಕು. ಸಣ್ಣ ಪ್ರಮಾಣದಲ್ಲಿ ಹಲವು ಬಗೆಯ ವಿಶೇಷ ಉಕ್ಕು ಮಾಡುವುದೇ ಅದರ ಬಲ, ಅದನ್ನು ಆ ಬಲದ ಮೇಲೆಯೇ ಕಟ್ಟಬೇಕು. ಕಾಗದ ಕಾರ್ಖಾನೆಯ ನೆಲ, ನೀರು, ಸಕ್ಕರೆ ಘಟಕಗಳನ್ನು ಯಾವ ಹೊಸ ತಯಾರಿಕೆಗೆ ಬಳಸಬಹುದು ಎಂಬುದನ್ನು ಕಾರ್ಮಿಕರು, ರೈತರನ್ನು ಕೂರಿಸಿಕೊಂಡು ನಿರ್ಧರಿಸಬೇಕು.

7. ಕರೆ

ಈ ಚಳವಳಿಗೆ ಸೇರಲು ದೊಡ್ಡ ಶುಲ್ಕವಿಲ್ಲ, ಪಕ್ಷದ ಬಾವುಟವಿಲ್ಲ. ಮಾಲೀಕರೂ ಬನ್ನಿ, ಕೆಲಸಗಾರರೂ ಬನ್ನಿ. ಒಬ್ಬರ ಲಾಭ ಇನ್ನೊಬ್ಬರ ನಷ್ಟ ಎಂಬ ಹಳೆಯ ಲೆಕ್ಕವನ್ನು ಬದಿಗಿಟ್ಟು, ಕಲಿತ ಕೈ ಉಳಿದರೆ ಇಬ್ಬರಿಗೂ ಉಳಿವು ಎಂಬ ಲೆಕ್ಕಕ್ಕೆ ಸಹಿ ಹಾಕಿ. ಭದ್ರಾವತಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೇ, ನಿಮ್ಮಲ್ಲಿರುವ ವಿದ್ಯೆ ಮನೆಯ ಜಗಲಿಯಲ್ಲಿ ಕೂರಬಾರದು. ವಾರಕ್ಕೊಂದು ದಿನ ನಮ್ಮ ಹುಡುಗರಿಗೆ ಕಲಿಸಿಕೊಡಿ.

ಮುಂದಿನ ಶಿಫ್ಟ್‌ಗೆ ಹೋದಾಗ ಒಂದು ಕೆಲಸ ಮಾಡಿ. ಹಳೆಯ ಬ್ಯಾಚಿನ ಕೊನೆಯ ಪೀಸ್ ಇಳಿದ ಹೊತ್ತನ್ನೂ ಹೊಸ ಬ್ಯಾಚಿನ ಮೊದಲ ಸರಿಯಾದ ಪೀಸ್ ಬಂದ ಹೊತ್ತನ್ನೂ ಬರೆದಿಡಿ. ನಡುವಿನ ಸಮಯ ಎಲ್ಲಿ ಹೋಯಿತು ಎಂದು ಪಕ್ಕದವರೊಡನೆ ಕೂತು ಪಟ್ಟಿ ಮಾಡಿ, ನಮಗೆ ತಂದುಕೊಡಿ. ನಿಮ್ಮ ಸದಸ್ಯತ್ವದ ಅರ್ಜಿ ಅದೇ.